ಬಂದೂಕಿನ ವಿಭೂತಿ

ಗಾಳಿಗೆ ಹಾರಿಸಿದ ಮೊದಲ ಗುಂಡಿನ ಖಾಲಿ ತೋಟಾ ಇಂದೂ ಬಂದೂಕಿನಿಂದ ಹೊರಬೀಳದೆ ಸಿಕ್ಕಿಕೊಂಡಿತು. ಶೇಂಗಾ ಹೊಲದ ಹಂದಿಗಳು ಒಂದು ಗಳಿಗೆ ಬೆದರಿ ನಿಂತು, ಮತ್ತೆ ನೆಲ ಅಗೆಯತೊಡಗಿದವು. ಪರಶಪ್ಪ ದಣಿದು ಬದುವಿನ ಮೇಲೆ ಕುಳಿತ.

“ಸೋವಿ ತೋಟಾ. ಈ ಹಳೇ ಬಂದೂಕು ತಾನ ಹೊರಗ ಒಗಿಯೂವಷ್ಟು ಜೋರ ಇಲ್ಲ ಇವಕ್ಕ.”

ಜತೆಗೆ ಬಂದಿದ್ದ ಹೆಂಡತಿ ಗಾಳೆವ್ವ ಅವನಿಂದ ತೋಟಾ ಎಲ್ಲ ತೆಗೆಸಿ, ಖಾಲಿ ತೋಟಾ ಹೊರಬೀಳುವ ಬಂದೂಕಿನ ಪಕ್ಕದ ಕಿಂಡಿಯೊಳಗೆ ಸೆರಗಿನ ತುದಿ ತೂರಿಸಿ ತಿರುವಿದಳು. ಎಣ್ಣೆ ಕುಡಿದ ಬೂದಿ ಮುದ್ದೆಮುದ್ದೆಯಾಗಿ ಬಂತು.

“ತೋಟಾಕ್ಕ ಯಾಕ ಬೈತೀರಿ? ಸೋಮಾರಕ್ಕೊಮ್ಮೆ ಪೂಜಿ ಮಾಡಿ, ಇದರ ಬಾಯಾಗೂ ವಿಭೂತಿ ತುಂಬೀರಲ್ಲ!”

ಪರಶಪ್ಪ ಕಿಂಡಿ ಒರೆಸಿ, ತೋಟಾ ತುಂಬಿ, ಮತ್ತೆ ಗಾಳಿಗೆ ಹಾರಿಸಿದ. ಖಾಲಿ ತೋಟಾ ತಾವೇ ಹೊರಬಿದ್ದು, ಒಂದರ ಹಿಂದೊಂದು ಎರಡು ಗುಂಡು ಗುಡುಗಿದವು. ಹಂದಿಗಳು ಹಳ್ಳ ದಾಟಿ ಓಡಿದವು. ಅವನು ಹೆಂಡತಿಯ ಸೆರಗಿಗೆ ಹತ್ತಿದ್ದ ಬೂದಿಯನ್ನು ಮೂರು ಬೆರಳಲ್ಲಿ ತೆಗೆದು ತನ್ನ ಹಣೆಗೆ ಹಚ್ಚಿಕೊಂಡ.