ಕೈಮಾತು

ಕೊಟ್ರಬಸಪ್ಪ ಖುಷಿಯಿಂದ ಎರಡೂ ಕೈ ಎತ್ತಿದ ಕೂಡಲೇ ನಾಯಿ ಕೆಂಪಿ ಮಂಚದ ಕೆಳಗೆ ನುಗ್ಗಿ ನಡುಗತೊಡಗಿತು. ಕೊಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಬಡಿಗೆಯಿಂದ ಬಡಿದುಹಾಕಿದ್ದ ಈ ಬೀದಿನಾಯಿಯನ್ನು ಮಹೇಶ್ವರಿಯೇ ಉಳಿಸಿದ್ದಳು. ಸಾಕಲು ಒಯ್ದಿದ್ದ ಎರಡು ಮನೆಯವರು ಅಂಜುಬುರುಕ ನಾಯಿ ಎಂದು ವಾಪಸ್ ಕಳಿಸಿದ್ದರು. ತಳಕಲ್ ಊರಿನ ಈ ಮನೆಯಲ್ಲಿ ಗದ್ದಲವಿಲ್ಲ ಎಂದು ಆಸೆಯಿಂದ ತಂದಿದ್ದಳು. ಆದರೆ ಹುಟ್ಟಿನಿಂದಲೇ ಕಿವುಡನಾದ ಟೇಲರ್ ಕೊಟ್ರಬಸಪ್ಪ ಮಾತಾಡುವುದೇ ಕೈಯಿಂದ.

“ಕೈ ಎತ್ತಿದ್ರ ಹೊಡೀತಾರಂತ ಅಂಜತೈತ್ರಿ ಅಕ್ಕಾರ. ವಾಪಸ್ ಕರ್ಕೊಂಡು ಹೋಗ್ತೀನಿ,” ಎಂದು ಮಹೇಶ್ವರಿ ಅವನ ಹೆಂಡತಿ ಅನ್ನಮ್ಮನಿಗೆ ಹೇಳಿದಳು.

ಅನ್ನಮ್ಮ ಅದನ್ನು ಗಂಡನಿಗೆ ಸನ್ನೆಯಲ್ಲಿ ತಿಳಿಸಿದಳು. ಅವನು ತನ್ನ ಕೈಗಳನ್ನು ಹೊಸದಾಗಿ ಕಂಡವನಂತೆ ನೋಡಿಕೊಂಡ. ಆಮೇಲೆ ಮಂಚಕ್ಕೆ ಬೆನ್ನು ಮಾಡಿ ನೆಲದ ಮೇಲೆ ಕೂತು, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ. ಬಹಳ ಹೊತ್ತಿನ ಮೇಲೆ ಕೆಂಪಿ ತೆವಳುತ್ತ ಬಂದು ಅವನ ಮೊಣಕೈ ಮೂಸಿತು. ಅವನು ಕೈ ಎತ್ತಲಿಲ್ಲ. ತೊಡೆಯ ಮೇಲೆಯೇ ಬೆರಳುಗಳನ್ನಷ್ಟೇ ಆಡಿಸಿ ಹೆಂಡತಿಗೆ ಏನೋ ಹೇಳಿದ. ಕೆಂಪಿ ಆ ಬೆರಳುಗಳನ್ನು ನೋಡುತ್ತ ಅಲ್ಲೇ ನಿಂತಿತು.

“ಏನಂತಾರ್ರಿ?” ಮಹೇಶ್ವರಿ ಪಿಸುಗುಟ್ಟಿದಳು.

“ಇನ್ನ ಮ್ಯಾಲ ಹಿಂಗ ಸಣ್ಣಗ ಮಾತಾಡ್ತಾರಂತ,” ಅಂದಳು ಅನ್ನಮ್ಮ. “ಬಿಟ್ಟು ಹೋಗು ತಂಗಿ.”