ಮೂರನೇ ಗೊಂಬೆಯ ಸೆರಗು

ಗಂಗಾಬಾಯಿ ಬಾನುಬಿಯ ಚೀಲವನ್ನು ಗಲ್ಲಾದ ಮುಂದಿನ ಬಿಳಿ ಹಾಸಿನ ಮೇಲೆ ಬೋರಲು ಹಾಕಿದಳು. ಊಟದ ಡಬ್ಬಿ, ಕನ್ನಡಕ, ಪಿನ್ನುಗಳ ಪೊಟ್ಟಣ. ಬೇರೇನೂ ಬೀಳಲಿಲ್ಲ.

"ಮನಿಯಾಗ ಇಟ್ಟಿರ್ತಾಳ. ಅಸಲಿ ಸೀರಿ ಅಲ್ಲಿ, ನಕಲಿ ಗೊಂಬಿ ಮ್ಯಾಲ," ಅಂದಳು ಮಾಲೀಕನ ಹೆಂಡತಿ ಗಂಗಾಬಾಯಿ.

ಅಂಗಡಿಯ ಇನ್ನೊಬ್ಬ ಕೆಲಸದಾಕೆ ಜಯಮಾಲಾ ತಲೆ ತಗ್ಗಿಸಿಕೊಂಡು ಸೀರೆ ಮಡಚುತ್ತಿದ್ದಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು.

ಆಳಂದದ ಆ ಸೀರೆ ಅಂಗಡಿಗೆ ಎಐ ಬಂದು ಮೂರು ತಿಂಗಳಾಗಿತ್ತು. ಮಾಲೀಕ ಜಗದೇವಪ್ಪನ ತಮ್ಮ ಸುನೀಲಕುಮಾರ ಗೊಂಬೆಗಳ ಫೋಟೊ ತೆಗೆದು ಆನ್‌ಲೈನ್ ಕ್ಯಾಟಲಾಗಿಗೆ ಏರಿಸುತ್ತಿದ್ದ. ಯಡ್ರಾಮಿಯಲ್ಲಿ ಕೂತವರು ಫೋನಿನಲ್ಲಿ ಕಂಡ ಸೀರೆಯೇ ಅಂಗಡಿಯ ಗೊಂಬೆಯ ಮೇಲೂ ಇರಬೇಕು. ದಿನಾ ಬೆಳಿಗ್ಗೆ ಹತ್ತಕ್ಕೆ ಗೋಡೆಯ ಕ್ಯಾಮೆರಾ ಗೊಂಬೆಗಳನ್ನು ನೋಡುತ್ತಿತ್ತು, ಎಐ ಎರಡನ್ನೂ ತಾಳೆ ಹಾಕುತ್ತಿತ್ತು. ಸರಿಯಿದ್ದರೆ ಜಗದೇವಪ್ಪನ ಫೋನಿನಲ್ಲಿ ಹಸಿರು ಗುರುತು, ಇಲ್ಲದಿದ್ದರೆ ಕೆಂಪು. ಇವತ್ತು, ಸೋಮವಾರ, ಕೆಂಪು ಬಿದ್ದಿತ್ತು. 'ಮೂರನೇ ಗೊಂಬೆ. ಸೆರಗಿನ ತುದಿ ಹೊಂದುತ್ತಿಲ್ಲ.' ಅದನ್ನು ಒತ್ತಿ ಒಳಗೆ ನೋಡುವುದು ಜಗದೇವಪ್ಪನಿಗೆ ಬಾರದು. ಬಲ್ಲ ತಮ್ಮ ಮಾಲು ತರಲು ಕಲಬುರಗಿಗೆ ಹೋಗಿದ್ದ.

ಗೊಂಬೆಗೆ ಸೀರೆ ಉಡಿಸುವವಳು ಬಾನುಬಿ. ಹದಿನೆಂಟು ವರ್ಷದಿಂದ ಅದೇ ಕೆಲಸ. ಈಗ ಕದಲದೆ ನಿಂತಿದ್ದಳು, ಅಂಗಡಿಯವರು ಹೋದ ವಾರ ಕೊಟ್ಟ ಹೊಸ ಸಮವಸ್ತ್ರದ ಸೀರೆಯಲ್ಲಿ. ಅರಿಸಿನ ಹಚ್ಚದ ಹೊಸ ಸೀರೆ ಮೈಗೆ ತಾಗಬಾರದೆಂಬುದು ಗಂಗಾಬಾಯಿಯ ನೇಮ. ಕೊಡುವಾಗ ಬಾನುಬಿ, ಜಯಮಾಲಾ ಇಬ್ಬರ ಸೆರಗಿಗೂ ತನ್ನ ಕೈಯಿಂದಲೇ ಹಚ್ಚಿದ್ದಳು.

ಜಗದೇವಪ್ಪನಿಗೂ ಒಂದು ನೇಮವಿತ್ತು. "ಉಟ್ಟ ಸೀರಿ ಮಾರೋ ಅಂಗಡಿ ಅಲ್ರಿ ಇದು," ಎಂದು ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ. ಈ ತಿಂಗಳ ಮೊದಲಿಗೆ ಜೇವರ್ಗಿಯ ಲಗ್ನಕ್ಕೆಂದು ಸ್ವಂತ ಹೆಂಡತಿ ಕೇಳಿದಾಗಲೂ ಗೊಂಬೆಯ ಸೀರೆ ಮುಟ್ಟಗೊಡಲಿಲ್ಲ ಎಂಬುದು ಅವನ ದೊಡ್ಡ ಹೆಮ್ಮೆ.

ಅಂಥ ಅಂಗಡಿಯಲ್ಲಿ ಜಯಮಾಲಾ ಆ ಕೆಲಸ ಮಾಡಿದ್ದಳು.

ಇಪ್ಪತ್ತಾರನೇ ತಾರೀಖು, ಶನಿವಾರ ಸಂಜೆ. ಅಂಗಡಿ ಮುಚ್ಚುವಾಗ ಮೂರನೇ ಗೊಂಬೆಯ ಹಾಲುಬಣ್ಣದ ರೇಷ್ಮೆ ಸೀರೆ ಬಿಚ್ಚಿ ಚೀಲಕ್ಕೆ ಹಾಕಿಕೊಂಡಿದ್ದಳು. ಮರುದಿನ ಭಾನುವಾರ, ಅಂಗಡಿಗೂ ಕ್ಯಾಮೆರಾಕ್ಕೂ ರಜೆ; ಮಣ್ಣೂರಿನಲ್ಲಿ ಬಸುರಿ ತಂಗಿಯ ಕುಬಸ. ಸೀರೆ ಅಂಗಡಿಯಲ್ಲಿ ದುಡಿಯುವ ಅಕ್ಕ ಬಣ್ಣಗೆಟ್ಟ ಸೀರೆಯಲ್ಲಿ ಬಂದಳೆಂದು ಬೀಗರು ನಗಬಾರದು, ಅಷ್ಟೆ. ಅರ್ಧ ದಿನ ಉಟ್ಟಳು. ಮನೆಗೆ ಬಂದು ಬಿಚ್ಚಿದಾಗ ಕಂಡಿತು. ಸೆರಗಿನ ತುದಿಯಲ್ಲಿ ಅರಿಸಿನದ ಮೂರು ಬೊಟ್ಟು, ಒಂದೇ ಸಾಲಿನಲ್ಲಿ, ನಡುವಿನದು ತುಸು ದೊಡ್ಡದು. ಉಡಿ ತುಂಬಿದ ಯಾವಳೋ ಮುತ್ತೈದೆಯ ಕೈ ತಾಗಿರಬೇಕು. ನಿಂಬೆಹಣ್ಣು ತಿಕ್ಕಿದಳು, ಸೋಪು ಹಚ್ಚಿದಳು, ಮಾಳಿಗೆಯ ಬಿಸಿಲಿಗೆ ಹರವಿದಳು. ಬೊಟ್ಟು ಹೋಯಿತು. ಸೋಮವಾರ ಎಲ್ಲರಿಗಿಂತ ಮೊದಲೇ ತಂದಿಟ್ಟಳು.

ಉಡಿಸುವಾಗ ಬಾನುಬಿ ಆ ತುದಿಯ ಮೇಲೆ ಬೆರಳಾಡಿಸಿದ್ದಳು. "ಸೆರಗು ಭಾಳ ಸ್ವಚ್ಛ ಆಗ್ಯಾದ ನೋಡವ್ವಾ," ಅಂದಿದ್ದಳು.

ತಿಕ್ಕಿದ ಕಡೆ ಹೊಳಪು ಹೋಗಿರಬೇಕು. ಮನುಷ್ಯರ ಕಣ್ಣಿಗೆ ಕಾಣದ್ದು ಯಂತ್ರಕ್ಕೆ ಕಂಡಿದೆ. ತನ್ನ ತಪ್ಪಿಗೆ ಬಾನುಬಿಯ ಚೀಲ ಬೋರಲಾಗಿದೆ. ಜಯಮಾಲಾಳಿಗೆ ನಾಚಿಕೆಯಾಯಿತು. ಆದರೂ ಕೈಯಲ್ಲಿದ್ದ ಸೀರೆಯನ್ನೇ ಮತ್ತೆ ಬಿಚ್ಚಿ ಮಡಚಿದಳು.

"ಬಾಯಿ ಬಿಡು ಬಾನುಬಿ," ಅಂದ ಜಗದೇವಪ್ಪ.

"ನಾ ಏನ್ ಹೇಳ್ಲಿ ಸಾವ್ಕಾರ್ರ. ಆ ಯಂತ್ರಕ್ಕ ಕೇಳ್ರಿ. ಅದು ಯಾರ ಮಾರಿನೂ ನೋಡಂಗಿಲ್ಲ."

"ಸುನೀಲ ಬರ್ಲಿ, ನೋಡೋಣ."

"ಅವ ಬರೋತನಕ ಯಾಕ ಕಾಯ್ತೀರಿ?" ಗಂಗಾಬಾಯಿ ನಡುವೆ ಬಾಯಿ ಹಾಕಿದಳು. "ಈಗೇ ಕಳಸ್ರಿ ಅಕಿನ್ನ. ಆ ಸೀರಿನೂ ಬಿಚ್ಚಿ ಒಳಗಿಡ್ರಿ."

ಜಗದೇವಪ್ಪ ಮುಖ ತಿರುಗಿಸಿದ. ಅದೇ ಉತ್ತರವಾಯಿತು. ಬಾನುಬಿ ಡಬ್ಬಿ, ಕನ್ನಡಕ ಚೀಲಕ್ಕೆ ಹಾಕಿಕೊಂಡಳು. ಪಿನ್ನುಗಳ ಪೊಟ್ಟಣವನ್ನು ಮಾತ್ರ ಜಯಮಾಲಾಳ ಮುಂದೆ ಸರಿಸಿದಳು.

"ಇಟ್ಕೋ ಬೇ. ಗೊಂಬಿಗಿ ಬೇಕಾಗ್ತಾವ," ಅಂದು ಹೊಸ್ತಿಲಿನತ್ತ ನಡೆದಳು.

ಅಲ್ಲಿಗೆ ಜಯಮಾಲಾಳಿಗೆ ತಡೆಯಲಾಗಲಿಲ್ಲ. "ಬಾನುಬಿ ಆಪಾ ಅಲ್ರಿ ಸಾವ್ಕಾರ್ರ. ನಾ ಉಟ್ಟೇನಿ," ಅಂದಳು. ಮಣ್ಣೂರು, ಅರಿಸಿನ, ನಿಂಬೆಹಣ್ಣು, ಒಂದನ್ನೂ ಬಿಡದೆ ಹೇಳಿದಳು. ಹೇಳುವಷ್ಟು ಹೊತ್ತೂ ತನ್ನ ಕಾಲ್ಬೆರಳು ನೋಡುತ್ತಿದ್ದಳು.

ಗಂಗಾಬಾಯಿ ಬೈಯಬಹುದೆಂದು ಜಯಮಾಲಾ ಕಾದಳು. ಆಕೆ ಬೈಯಲಿಲ್ಲ. ಬೆಳಗಿನಿಂದ ಬಿಗಿದುಕೊಂಡಿದ್ದ ಮುಖ ಒಮ್ಮೆಲೇ ತಿಳಿಯಾಗಿತ್ತು.

"ಆತಲ್ಲ, ಒಪ್ಕೊಂಡಳು. ಮುಗೀತು. ಇನ್ನ ಆ ಫೋನು ಒಳಗಿಡ್ರಿ."

ಅಷ್ಟರಲ್ಲಿ ಸುನೀಲಕುಮಾರ ಸೀರೆಗಳ ಗಂಟಿನೊಂದಿಗೆ ಒಳಬಂದ. ಅಣ್ಣನ ಬಾಯಿಂದ ಸಂಗತಿ ಕೇಳಿ ಫೋನು ತೆಗೆದುಕೊಂಡು ಕೆಂಪು ಗುರುತನ್ನು ಒತ್ತಿದ. ಪಕ್ಕಪಕ್ಕ ಎರಡು ಫೋಟೊ ತೆರೆದವು. ಅವನು ಒಮ್ಮೆ ನೋಡಿದ, ಹಿಗ್ಗಿಸಿ ಮತ್ತೊಮ್ಮೆ ನೋಡಿದ.

"ಇದು ಉಲ್ಟಾ ಅದಲ್ಲೋ ಅಣ್ಣಾ," ಅಂದ. "ಅರಿಸಿನ ಇರೋದು ಕ್ಯಾಟಲಾಗಿನ ಫೋಟೊದಾಗ. ಹನ್ನೆರಡನೇ ತಾರೀಖಿಗಿ ನಾನೇ ತೆಗೆದದ್ದು. ಇವತ್ತಿನ ಸೆರಗಿಗಿ ಅದು ಇಲ್ಲ, ಅದಕ್ಕ ಕೆಂಪು ಬಿದ್ದದ."

ಜಯಮಾಲಾ ತಲೆ ಎತ್ತಿದಳು. ಅವಳು ಸೀರೆ ಒಯ್ದದ್ದು ಇಪ್ಪತ್ತಾರಕ್ಕೆ.

"ಹಂಗಾರ ಹನ್ನೆರಡಕ್ಕಿಂತ ಮೊದಲ ಉಟ್ಟವರು ಯಾರು?" ಕೇಳಿದ ಜಗದೇವಪ್ಪ.

"ನನಗೇನು ಗೊತ್ತು," ಅಂದಳು ಗಂಗಾಬಾಯಿ. ಅವಳನ್ನು ಯಾರೂ ಕೇಳಿರಲಿಲ್ಲ.

ಬಾನುಬಿ ಹೊಸ್ತಿಲಿನಿಂದ ತಿರುಗಿ ಬಂದು, ತಾನು ಉಟ್ಟಿದ್ದ ಸಮವಸ್ತ್ರದ ಸೆರಗಿನ ತುದಿಯನ್ನು ಫೋನಿನ ಪಕ್ಕದಲ್ಲಿ ಹಿಡಿದಳು: ಒಂದೇ ಸಾಲಿನಲ್ಲಿ ಅರಿಸಿನದ ಮೂರು ಬೊಟ್ಟು, ನಡುವಿನದು ತುಸು ದೊಡ್ಡದು.