ಕಂಠದಾನ ಮಾಡಿದವಳು

"ಆ ಚೀಲ ಮುಟ್ಟಿದ್ರೆ ನೋಡು ಮತ್ತೆ!"

ಅಮ್ಮನ ಅಬ್ಬರಕ್ಕೆ ಗುಜರಿಯವನು ಎರಡು ಮೆಟ್ಟಿಲು ಕೆಳಗಿಳಿದ. ಚೀಲದ ತುಂಬ ಅವಳ ಸಿನಿಮಾ ಡಿಸ್ಕುಗಳು. ಇವನ್ನು ಕಂಪ್ಯೂಟರಿಗೆ ಇಳಿಸಿಕೊಡೋ ಎಂದು ಅವಳು ತಿಂಗಳಿಂದ ಮಗನ ತಲೆ ತಿನ್ನುತ್ತಿದ್ದಳು. ಮಹಾರಾಯ ಇವತ್ತು ಗುಜರಿಯವನನ್ನೇ ಕರೆಸಿದ್ದ.

ಎಪ್ಪತ್ತು ದಾಟಿದರೂ ಅಮ್ಮನ ಗಂಟಲು ಗಟ್ಟಿ. ಮೂವತ್ತು ವರ್ಷ ಮನೆಗೆ ಅನ್ನ ಹಾಕಿದ್ದೇ ಆ ಗಂಟಲು. ಪರದೆಯ ಮೇಲೆ ಬಾಯಾಡಿಸುವವಳು ನಾಯಕಿ, ಕತ್ತಲೆ ಕೋಣೆಯಲ್ಲಿ ಮೈಕಿನ ಮುಂದೆ ನಿಂತು ಅವಳ ಮಾತು ಆಡುವವಳು ಅಮ್ಮ. ಹಾಗೆ ಕಂಠದಾನ ಮಾಡಿದ ಅಷ್ಟೂ ಸಿನಿಮಾ ಈ ಚೀಲದಲ್ಲಿದ್ದವು.

"ಎಲ್ಲಾ ನೆಟ್ಟಲ್ಲೇ ಇದೆಯಲ್ಲಮ್ಮಾ," ಮಗ ಗೊಣಗಿದ. "ಬೇಕಾದಾಗ ಒತ್ತಿದ್ರೆ ಬರುತ್ತೆ."

"ಹೌದಾ? ಒತ್ತು ಹಾಗಾದ್ರೆ. ಆ ಕೋರ್ಟಿನ ಸಿನಿಮಾ ಹಾಕು."

ಹಾಕಿದ. ಟೀವಿಯಲ್ಲಿ ಚಿತ್ರವೇನೋ ಥಳಥಳ ಹೊಳೆಯುತ್ತಿತ್ತು. ಕಟಕಟೆಯಲ್ಲಿ ನಿಂತ ನಾಯಕಿ ಬಾಯಿ ತೆರೆದಳು. ಬಂದದ್ದು ಯಾರೋ ಹುಡುಗಿಯ ಸಪ್ಪೆ ಧ್ವನಿ. ಮಗ ರಿಮೋಟು ಹಿಡಿದು ಪೆಚ್ಚಾದ.

"ಇದು ನೀನಲ್ವಲ್ಲಮ್ಮಾ!"

"ಹಳೇ ಸಿನಿಮಾ ಹೊಸದು ಮಾಡ್ತೀವಿ ಅಂತ ಕಂಪನಿಯವರು ಮಾತೆಲ್ಲ ಬೇರೆಯವರ ಕೈಲಿ ಹೇಳಿಸಿದ್ದಾರೆ. ನನ್ನನ್ನ ಒಂದು ಮಾತು ಕೇಳಿಲ್ಲ. ಈ ಡಿಸ್ಕೂ ಹೋದ್ರೆ ನಾನು ಜನ್ಮದಲ್ಲಿ ಬಾಯೇ ಬಿಟ್ಟಿಲ್ಲ ಅಂತಾಗುತ್ತೆ. ಅಳಿಸಿಹಾಕ್ತಾರಂತೆ, ಇವರು ನನ್ನನ್ನ! ಬಿಡ್ತೀನಾ?"

ಮಗ ಗುಜರಿಯವನನ್ನು ಬರಿಗೈಯಲ್ಲಿ ಕಳಿಸಿ ಚೀಲ ಒಳಗೆ ತಂದ. ಆ ಸಿನಿಮಾದ ಡಿಸ್ಕನ್ನು ತಾನೇ ಸೋಪಿನ ನೀರಲ್ಲಿ ತೊಳೆದ. ತಟ್ಟೆ ಒರೆಸುವ ಹಾಗೆ ಗುಂಡಗೆ ಒರೆಸಹೋಗಿ, "ನಡುವಿಂದ ಅಂಚಿಗೆ ಎಳೆಯೋ, ಗೀರು ಬೀಳುತ್ತೆ!" ಎಂದು ಬೈಸಿಕೊಂಡ. ಕಂಪ್ಯೂಟರಿಗೆ ಹಾಕಿದರೆ ಸಿನಿಮಾ ಅರ್ಧ ಇಳಿದು ನಿಂತೇಬಿಟ್ಟಿತು. ಅಮ್ಮ ಡಿಸ್ಕನ್ನು ಕಿತ್ತುಕೊಂಡು ಮತ್ತೆ ತೊಳೆದಳು, ಮತ್ತೆ ನಿಂತಿತು, ಮತ್ತೆ ತೊಳೆದಳು. ನಾಲ್ಕನೆಯ ಸಲಕ್ಕೆ ಪೂರ್ತಿ ಇಳಿಯಿತು.

"ಫೈಲಿಗೆ ಏನು ಹೆಸರು ಅಂತ ಕೇಳ್ತಿದೆ. ಸಿನಿಮಾದ್ದು ಬರೀಲಾ, ನಾಯಕಿದಾ?"

"ಅವರ ಹೆಸರೆಲ್ಲ ಗೋಡೆಯಗಲ ಪರದೆ ಮೇಲೆ ಬಂದಾಗಿದೆ. ನನ್ನದು ಬರಿ."

ಬರೆದ. ಎರಡನೆಯ ಡಿಸ್ಕು ಇಳಿದಾಗ ಕೈ ತಡೆಯಿತು. "ಅದೇ ಹೆಸರು ಇನ್ನೊಂದಕ್ಕೆ ಕೊಟ್ರೆ ತಗೊಳಲ್ವಂತಮ್ಮಾ."

"ಮುಂದೆ ಎರಡು ಅಂತ ಹಾಕು," ಅಮ್ಮ ಮೂರನೆಯದನ್ನು ಒರೆಸುತ್ತ ಅಂದಳು. "ಆಮೇಲೆ ಮೂರು. ನೂರಹದಿನಾಲ್ಕಿದೆ, ಅಷ್ಟಕ್ಕೂ ನಾನೇ."